ದೇಜುವಿನ ಹೆಸರು ಹಾಡಾದ ಮಳೆಗಾಲ

ಈ ಜೂನ್‌ನಲ್ಲಿ ಮಳೆ ಹಿಡಿದ ಮೂರನೆಯ ದಿನ, ಅಕ್ಕಿ ಚೀಲಗಳಿಗೆ ನೀರು ತಾಗಿದೆಯೋ ಎಂದು ನೋಡಲು ಹೋಟೆಲಿನ ಅಟ್ಟಕ್ಕೆ ಹತ್ತಿದೆ. ಮೊಣಕಾಲು ನೋವು ಶುರುವಾದ ಮೇಲೆ ಆ ಕಬ್ಬಿಣದ ಏಣಿಯನ್ನು ನಾನು ಹತ್ತುವುದು ಅಪರೂಪ. ಕೆಳಗೆ ಎಲೆಕ್ಟ್ರಿಷಿಯನ್ ಮಿಕ್ಸರಿನ ವೈರಿಗೆ ಬೆಸುಗೆ ಹಾಕುತ್ತಿದ್ದ. ಅದರ ಹೊಗೆ ಏಣಿಯ ಕಂಡಿಯಿಂದ ಮೇಲೆ ಬಂತು. ಒದ್ದೆ ಗೋಣಿ, ಉದ್ದಿನ ಧೂಳು, ಕಾದ ಸೀಸ. ಮೂರು ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಗೋಡೆಗೆ ಕೈಯಿಟ್ಟು ನಿಂತುಬಿಟ್ಟೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಈ ಕೋಣೆ ಶನಿವಾರ ಭಾನುವಾರದ ಮಧ್ಯಾಹ್ನ ಹೀಗೆಯೇ ನಾರುತ್ತಿತ್ತು. ಆ ಮಳೆಗಾಲದಲ್ಲಿ ನಡೆದದ್ದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಹೇಳಬೇಕಾದವರಿಗೆ ಹೇಳಿದ್ದೇನೆ. ಈಗ ಬರೆಯುತ್ತೇನೆ, ನನಗೆ ಗೊತ್ತಿರುವಷ್ಟನ್ನು, ಗೊತ್ತಿರುವ ಹಾಗೆ.

ನಮ್ಮ ಹೋಟೆಲು ಡೊಂಬಿವಲಿ ಪೂರ್ವದಲ್ಲಿದೆ, ಸ್ಟೇಷನ್ನಿನಿಂದ ಏಳು ನಿಮಿಷದ ದಾರಿ. ಉಡುಪಿಯ ಕಡೆಯಿಂದ ಬಂದ ನನ್ನ ತಂದೆ ಹಾಕಿದ್ದು. ಹದಿನಾಲ್ಕು ಮೇಜು, ಹಿಂದೆ ಅಡುಗೆಮನೆ, ಮೇಲೆ ಸಾಮಾನಿನ ಅಟ್ಟ. ಹಾಲ್‌ಗೂ ಅಡುಗೆಮನೆಗೂ ನಡುವೆ ಒಂದು ಕಿಂಡಿ. ಆ ಕಿಂಡಿಯ ಪಕ್ಕ ನಿಂತು, ಸಪ್ಲೈಯರುಗಳು ತಂದ ಆರ್ಡರನ್ನೆಲ್ಲ ಒಟ್ಟು ಮಾಡಿ ಒಳಗೆ ಕೂಗಿ ಹೇಳುವವನು ಸಂಜೀವ. ಈಗ ಎಲ್ಲ ಹೋಟೆಲುಗಳಲ್ಲೂ ಮೆಷಿನ್ನು ಬಂದಿದೆ, ಚೀಟಿ ತಾನಾಗಿ ಒಳಗೆ ಬೀಳುತ್ತದೆ. ನಮ್ಮಲ್ಲಿಯೂ ಒಂದು ಮೆಷಿನ್ನು ತಂದು ನೋಡಿದ್ದೆವು. ಹಬೆಗೆ ಚೀಟಿ ಮುದ್ದೆಯಾಗುತ್ತಿತ್ತು. ಸಂಜೀವನ ಗಂಟಲು ಹಬೆಗೆ ಜಗ್ಗುವಂಥದ್ದಲ್ಲ.

ಅವನು ಕೂಗುವುದಕ್ಕೆ ಒಂದು ಧಾಟಿ ಇತ್ತು. "ಎರಡು ಮಸಾಲೆ, ಒಂದು ಕಡಕ್, ಮೂರು ಇಡ್ಲಿ ಮುಳುಗಿಸಿ, ಉಪ್ಪಿಟ್ಟು ಒಂದೂ..." ಎಂದು ಏರುತ್ತ ಹೋಗಿ, ಕೊನೆಗೆ ಎತ್ತರದಲ್ಲಿ ಒಂದು ಹೆಸರನ್ನು ಬಿಡುತ್ತಿದ್ದ. "ದೇಜೂ!" ಅಷ್ಟು ಕೇಳಿದ ಮೇಲೆಯೇ ಒಳಗೆ ಅಡುಗೆಯವನು ಕಾವಲಿಗೆ ಹಿಟ್ಟು ಹೊಯ್ಯುವುದು. ಆ ಹೆಸರು ಬರುವವರೆಗೆ ಆರ್ಡರು ಮುಗಿದಿಲ್ಲ ಎಂದು ಅರ್ಥ. ಒಳಗಿದ್ದ ಅಡುಗೆಯವರು ಇಷ್ಟು ವರ್ಷದಲ್ಲಿ ಐದಾರು ಮಂದಿ ಬದಲಾಗಿದ್ದಾರೆ. ಈಗ ಇರುವವನು ಬೈಂದೂರಿನ ಕಡೆಯ ರಮೇಶ. ಯಾರೇ ಬರಲಿ, ಮೊದಲ ದಿನ ಸ್ವಲ್ಪ ಗಲಿಬಿಲಿಯಾಗಿ, ಎರಡನೆಯ ದಿನದಿಂದ ಆ ಕೂಗಿಗೆ ಒಗ್ಗಿಕೊಳ್ಳುತ್ತಿದ್ದರು. ನಮ್ಮಲ್ಲಿ ದೇಜು ಎನ್ನುವುದು ಅಡುಗೆಮನೆಯ ಇನ್ನೊಂದು ಹೆಸರು ಎಂದೇ ಎಲ್ಲರೂ ತಿಳಿದಿದ್ದರು.

ಹಾಗಲ್ಲ ಎಂದು ಗೊತ್ತಿದ್ದವರು ಇಬ್ಬರೇ. ಸಂಜೀವ ಮತ್ತು ನಾನು.

ದೇಜು ಎಂದರೆ ದೇಜಪ್ಪ. ಅವನು ಸಂಜೀವನ ಗೆಳೆಯ. ಕಾರ್ಕಳದ ಹತ್ತಿರದ ಅಕ್ಕಪಕ್ಕದ ಎರಡು ಹಳ್ಳಿಗಳಿಂದ ಒಂದೇ ಬಸ್ಸಿನಲ್ಲಿ ಬಂದವರು. ಒಬ್ಬ ಒಳಗೆ ಕಾವಲಿಯ ಮುಂದೆ, ಒಬ್ಬ ಹೊರಗೆ ಕಿಂಡಿಯ ಪಕ್ಕ. ಹನ್ನೆರಡು ವರ್ಷ ಇದೇ ಅಟ್ಟದಲ್ಲಿ ಒಂದೇ ಚಾಪೆಯಲ್ಲಿ ಮಲಗಿದವರು. ಇದೆಲ್ಲ ನನ್ನ ಮಗಳು ಹುಟ್ಟುವ ಮೊದಲಿನ ಮಾತು. ತಂದೆಯ ಕೈಯಿಂದ ಹೋಟೆಲು ನನ್ನ ಕೈಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಮಳೆಗಾಲದಲ್ಲಿ ದೇಜುವಿಗೆ ಕಾಮಾಲೆ ಹಿಡಿಯಿತು. ಸಂಜೀವ ಆಗ ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ದೇಜು ಹೋದ. ಸಂಜೀವನ ಮನೆಯ ಹತ್ತಿರದ ಅಂಗಡಿಯ ಫೋನ್ ನಂಬರು ನನ್ನ ಕಿಸೆಯಲ್ಲಿಯೇ ಇತ್ತು. ನಾನು ಮಾಡಲಿಲ್ಲ. ಮದುವೆಮನೆಗೆ ಸಾವಿನ ಸುದ್ದಿ ಮುಟ್ಟಿಸಬಾರದು ಎಂದು ನಾನೇ ನಿಶ್ಚಯಿಸಿದೆ. ಅವನಿಗೆ ಒಳ್ಳೆಯದು ಯಾವುದು ಎಂದು ನನಗೆ ಗೊತ್ತು ಎಂದುಕೊಂಡೆ. ದೇಜುವಿನ ಅಕ್ಕನಿಗೆ ಊರಿಗೆ ಹೊರಟಿದ್ದ ಒಬ್ಬರ ಬಾಯಲ್ಲಿ ಹೇಳಿಕಳುಹಿಸಿದೆ. ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊಳ್ಳಿ ಇಟ್ಟವನೂ ನಾನೇ.

ಸಂಜೀವ ಬಂದ ದಿನ ಬ್ಯಾಗು ಕೆಳಗಿಟ್ಟು ನನ್ನ ಮಾತನ್ನು ಪೂರ್ತಿ ಕೇಳಿದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಖ ತೊಳೆದು, ಶರ್ಟು ಬದಲಿಸಿ, ಕಿಂಡಿಯ ಪಕ್ಕ ಹೋಗಿ ನಿಂತ. ಮೊದಲನೆಯ ಆರ್ಡರಿನ ಕೊನೆಗೆ "ದೇಜೂ" ಎಂದ. ಬಾಯಿತಪ್ಪಿ ಬಂತು ಎಂದು ನಾವೆಲ್ಲ ತಲೆ ತಗ್ಗಿಸಿದೆವು. ಎರಡನೆಯ ಆರ್ಡರಿಗೂ ಅದೇ. ಮರುದಿನವೂ ಅದೇ. ಯಾರೂ ತಿದ್ದಲಿಲ್ಲ. ಹಾಗೆ ಇಪ್ಪತ್ತು ವರ್ಷದ ಮೇಲಾಯಿತು.

ನನ್ನ ಮಗಳು ಮೈತ್ರಿ. ಕಾಲೇಜು ಮುಗಿಸಿ ಥಾಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮನಸ್ಸೆಲ್ಲ ಬ್ಯಾಂಡಿನಲ್ಲಿ. ನಾಲ್ಕು ಮಂದಿಯ ಬ್ಯಾಂಡು, ಹೆಸರು 'ಚೌಥಿ ಸೀಟ್'. ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಅರ್ಧ ಕುಂಡೆ ಊರಿ ಕೂರುತ್ತಾನಲ್ಲ, ಆ ಜಾಗ. ಮೈತ್ರಿ ಹಾಡುವವಳು, ಬೇಸ್ ಗಿಟಾರೂ ಅವಳದೇ. ಡ್ರಮ್ಮಿಗೆ ಕಲ್ಯಾಣ್‌ನ ಓಂಕಾರ್. ಇನ್ನಿಬ್ಬರು ಗಿಟಾರಿನವರು ಟಿಟ್ವಾಳಾದಿಂದ ಬರುತ್ತಿದ್ದರು. ಹೌಸಿಂಗ್ ಸೊಸೈಟಿಗಳಲ್ಲಿ ಡ್ರಮ್ಮು ಬಾರಿಸಲು ಬಿಡುವುದಿಲ್ಲ. ಬಾಡಿಗೆಯ ಸ್ಟುಡಿಯೋಗಳು ದೂರ. ಶನಿವಾರ, ಭಾನುವಾರ ಮತ್ತು ಅವರಿಗೆಲ್ಲ ರಜೆ ಸಿಕ್ಕ ದಿನ, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾಗುವ ಮೂರರಿಂದ ಐದರವರೆಗೆ, ಅಟ್ಟವನ್ನು ಅವರಿಗೆ ಬಿಟ್ಟುಕೊಟ್ಟಿದ್ದೆ. ಕಿತ್ತುಹೋದ ಕೇಬಲ್ಲುಗಳಿಗೆ ಅಲ್ಲಿಯೇ ಕುಳಿತು ಬೆಸುಗೆ ಹಾಕಿಕೊಳ್ಳುತ್ತಿದ್ದರು.

ಅಟ್ಟದಲ್ಲಿ ನಾಲ್ಕು ಗೋಡೆಗೂ ಚೀಲಗಳು. ಅಕ್ಕಿ, ಉದ್ದು, ರವೆ. ಡ್ರಮ್ಮಿನ ಸದ್ದನ್ನು ಚೀಲಗಳು ನುಂಗುತ್ತವೆ ಎಂದು ಕಂಡುಹಿಡಿದವನು ಓಂಕಾರ್. ತಿಂಗಳ ಮೊದಲ ವಾರ ಸಾಮಾನು ತುಂಬಿದಾಗ ಕೋಣೆ ಕಿವಿಗೆ ಹತ್ತಿಯಿಟ್ಟ ಹಾಗೆ ಇರುತ್ತಿತ್ತು. ತಿಂಗಳ ಕೊನೆಗೆ ಚೀಲ ಖಾಲಿಯಾಗುತ್ತ ಬಂದ ಹಾಗೆ ಗೋಡೆಗಳು ಮೊಳಗಲು ಶುರು. "ಕಾಕಾ, ಈ ಸಲ ಉದ್ದು ಬೇಗ ಮುಗಿಯಿತಾ? ಸ್ನೇರ್ ಡ್ರಮ್ಮು ಒಡೆದ ಡಬ್ಬಿಯ ಹಾಗೆ ಕೇಳುತ್ತಿದೆ," ಎಂದು ಅವನು ಮರಾಠಿಯಲ್ಲಿ ದೂರು ಹೇಳುತ್ತಿದ್ದ. ಹೋಟೆಲು ನಡೆಸುವ ನನಗಿಂತ ಸ್ಟಾಕಿನ ಲೆಕ್ಕ ಅವನ ಕಿವಿಗೇ ಸರಿಯಾಗಿ ಗೊತ್ತಿತ್ತು.

ಆರು ಹಾಡಿನ ಒಂದು ಗುಚ್ಛ ಮಾಡುತ್ತಿದ್ದರು. ಆರರಲ್ಲಿ ಯಾವುದು ಮೊದಲು ಹೊರಗೆ ಹೋಗಬೇಕು ಎಂಬುದೇ ಅವರ ದೊಡ್ಡ ಜಗಳ. ಮೊದಲು ಹೋಗುವ ಹಾಡನ್ನು ಅವರು ಲೀಡ್ ಸಿಂಗಲ್ ಎನ್ನುತ್ತಿದ್ದರು. ಅದನ್ನು ಜನ ಕೇಳಿದರೆ ಉಳಿದ ಐದಕ್ಕೆ ಬಾಗಿಲು ತೆರೆಯುತ್ತದೆ, ಕೇಳದಿದ್ದರೆ ಐದೂ ಕಪಾಟಿನಲ್ಲಿಯೇ. ಬೆಳಗಿನ ಗಡಿಬಿಡಿಯ ಮೇಲೆ ಒಂದು ಹಾಡಿತ್ತು, ಹಿಂದಿ ಮರಾಠಿ ಕಲಸಿದ್ದು. ಅದಕ್ಕೆ ನಡುವೆ ಏನೋ ಒಂದು ಬೇಕು, ಏನೆಂದು ಹೊಳೆಯುತ್ತಿಲ್ಲ ಎಂದು ಮೈತ್ರಿ ಒಂದು ವಾರ ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಜೂನ್ ಎರಡನೆಯ ವಾರ ಇರಬೇಕು. ಬೆಳಿಗ್ಗೆ ಎಂಟೂವರೆ, ಹೋಟೆಲು ತುಂಬಿತ್ತು. ಅವಳು ಆಫೀಸಿಗೆ ಹೊರಟವಳು ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ನಿಂತಳು. ಸಂಜೀವ ಕೂಗುತ್ತಿದ್ದ. ಅವಳು ಕಣ್ಣು ಮುಚ್ಚಿ ಬೆರಳಿನಲ್ಲಿ ಎಣಿಸತೊಡಗಿದಳು.

"ಪಪ್ಪಾ, ಕೇಳಿ. ಅವರು ಪ್ರತಿ ಸಲ ಒಂದೇ ಲಯದಲ್ಲಿ ಏರುತ್ತಾರೆ. ಏಳನೆಯ ಪೆಟ್ಟಿಗೆ ದೇಜೂ. ಇದನ್ನು ರೆಕಾರ್ಡ್ ಮಾಡಲಾ?"

"ಮಾಡು."

"ಸಂಜೀವ ಮಾಮನನ್ನು ಕೇಳಬೇಕಲ್ಲ?"

"ಅವನನ್ನು ಎಂಥ ಕೇಳುವುದು? ನಮ್ಮವನೇ ಅಲ್ವಾ ಮಾರಾಯ್ತಿ. ಕೇಳಿದರೆ ನಾಚಿಕೊಂಡು ಗಂಟಲೇ ಕಟ್ಟುತ್ತದೆ ಅವನಿಗೆ. ಸುಮ್ಮನೆ ಮಾಡಿಕೋ."

ಈ ಮಾತನ್ನು ನಾನು ಆಡಿದ್ದು ಹೀಗೆಯೇ. ಒಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ, ಅವಳ ಮುಖವನ್ನೂ ನೋಡದೆ. ಹೋಟೆಲಿನ ನಾವು ನಮ್ಮ ಕೆಲಸದವರನ್ನು ಮನೆಯವರು ಎನ್ನುತ್ತೇವೆ. ಮನೆಯವರು ಎಂದ ಮೇಲೆ ಕೇಳುವ ಅಗತ್ಯವಿಲ್ಲ ಎಂದೂ ತಿಳಿಯುತ್ತೇವೆ. ಮರುದಿನ ಬಿಲ್ಲಿನ ಪುಸ್ತಕದ ಹಿಂದೆ ಒಂದು ಪುಟ್ಟ ರೆಕಾರ್ಡರು ಎರಡು ಗಂಟೆ ಕುಳಿತಿತ್ತು. ಸಂಜೀವನಿಗೆ ಗೊತ್ತಾಗಲಿಲ್ಲ.

ಆ ಶನಿವಾರ ಅಟ್ಟದಲ್ಲಿ ಅದನ್ನು ಹಾಡಿಗೆ ಕೂಡಿಸಿದರು. ಚಹಾ ಕೊಡಲು ನಾನೇ ಹತ್ತಿದ್ದೆ. ಓಂಕಾರ್ ಕೇಳಿದ, "ಕಾಕಾ, ಯೇ ದೇಜೂ ಕ್ಯಾ ಹೈ?"

ನಾನು ಬಾಯಿ ತೆರೆಯುವ ಮೊದಲೇ ಮೈತ್ರಿ ಹೇಳಿದಳು, "ಕಿಚನ್ ಕಣೋ. ಹೋಟೆಲ್ ಭಾಷೆ."

ನಾನು ಚಹಾದ ಗ್ಲಾಸುಗಳನ್ನು ಒಂದೊಂದಾಗಿ ಕೆಳಗಿಟ್ಟೆ. ನಾಲ್ಕು ಗ್ಲಾಸು. ಇಡಲು ಬೇಕಾದ ಹೊತ್ತಿನಲ್ಲಿ ಹೇಳಬಹುದಿತ್ತು. ಹೇಳಿದರೆ ಅವನು ಹೇಗೆ ಸತ್ತ, ಯಾವಾಗ, ಯಾರಿದ್ದರು ಎಂದು ಮಗಳು ಕೇಳುತ್ತಾಳೆ. ಇಳಿದು ಬಂದೆ.

ಹಾಡಿನಲ್ಲಿ ಅವರು ಮಾಡಿದ್ದೇನೆಂದರೆ, ಸಂಜೀವನ ಕೂಗು ಏರುತ್ತ ಬಂದು "ದೇಜೂ" ಎಂದ ಕೂಡಲೆ ಡ್ರಮ್ಮು ಗಿಟಾರು ಎಲ್ಲ ಒಟ್ಟಿಗೆ ಬೀಳುತ್ತಿದ್ದವು. ನಾಲ್ವರೂ ಸೇರಿ "ದೇಜೂ" ಎಂದು ತಿರುಗಿ ಕೂಗುತ್ತಿದ್ದರು. ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ನನಗೂ ಎನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಜುಲೈನಲ್ಲಿ ಹಾಡು ಹೊರಗೆ ಬಂತು. ಮೊದಲ ಹತ್ತು ದಿನ ಏನೂ ಇಲ್ಲ. ನೆಂಟರು ಕೇಳಿದರು, ಅವರ ಆಫೀಸಿನವರು ಕೇಳಿದರು. ಮೈತ್ರಿ ದಿನಕ್ಕೆ ನಲವತ್ತು ಸಲ ಫೋನು ತೆಗೆದು ನೋಡುತ್ತಿದ್ದಳು. ಆಮೇಲೆ ಕಲ್ಯಾಣ್‌ನ ಯಾವುದೋ ಕಾಲೇಜಿನ ಹುಡುಗಿಯರು ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಆ ಭಾಗಕ್ಕೆ ಕುಣಿದು ರೀಲ್ ಹಾಕಿದರು. "ದೇಜೂ" ಎಂದಾಗ ಎಲ್ಲರೂ ಒಟ್ಟಿಗೆ ಕೈ ಎತ್ತಿ ಹಿಡಿಕೆಗೆ ನೇತುಬೀಳುವುದು. ಅದು ಹೇಗೆ ಹಬ್ಬಿತೋ ಗೊತ್ತಿಲ್ಲ. ಎರಡು ವಾರದಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಒಂದು ಗುಂಪು ಕೂಗಿದರೆ ಎದುರಿನ ಗಾಡಿಯಿಂದ ಇನ್ನೊಂದು ಗುಂಪು ತಿರುಗಿ ಕೂಗುತ್ತಿತ್ತು. ಘಣಸೋಲಿಯಲ್ಲಿರುವ ನನ್ನ ತಂಗಿ ಫೋನು ಮಾಡಿ, "ಅಣ್ಣಾ, ನಮ್ಮ ಬಿಲ್ಡಿಂಗಿನ ಪಿಳ್ಳೆಗಳೆಲ್ಲ ನಿಮ್ಮ ಸಂಜೀವನ ಹಾಗೆ ಕಿರುಚುತ್ತಾವೆ, ಮಧ್ಯಾಹ್ನ ಮಲಗಲಿಕ್ಕಿಲ್ಲ," ಎಂದು ನಕ್ಕಳು.

ಹೋಟೆಲಿಗೂ ಬರತೊಡಗಿದರು. ಒಂದು ಚಹಾ ಹೇಳಿ, ಫೋನು ಹಿಡಿದು, ಸಂಜೀವ ಕೂಗುವುದನ್ನೇ ಕಾಯುವುದು. ಅವನು "ದೇಜೂ" ಎಂದರೆ ಮೇಜುಗಳಿಂದ "ದೇಜೂ" ಎಂದು ಮಾರುತ್ತರ, ಚಪ್ಪಾಳೆ, ನಗು. ನಮ್ಮ ಸಪ್ಲೈಯರು ಒಬ್ಬ ಅವನಿಗೆ ಹಾಡನ್ನು ಫೋನಿನಲ್ಲಿ ತೋರಿಸಿದ. ಸಂಜೀವ ಅರ್ಧ ನೋಡಿ, "ನನ್ನದೇ ಸ್ವರ ಅಲ್ವಾ ಇದು?" ಎಂದ. ಮತ್ತೆ ಬಟ್ಟೆ ತೆಗೆದುಕೊಂಡು ಕಿಂಡಿಯ ಕಟ್ಟೆ ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. ನನ್ನ ಕಡೆ ನೋಡಲಿಲ್ಲ.

ನಾನು ಅದನ್ನು ನಾಚಿಕೆ ಎಂದುಕೊಂಡೆ.

ಆಗಸ್ಟ್‌ನಲ್ಲಿ ಥಾಣೆಯ ಒಂದು ಕಾಲೇಜಿನ ಹಾಲ್‌ನಲ್ಲಿ ಅವರ ಕಾರ್ಯಕ್ರಮ. ಸಂಜೆ ಐದಕ್ಕೆ. ನಾನು ಸಂಜೀವನನ್ನು ಕರೆದುಕೊಂಡು ಹೋದೆ. ಅವನಿಗೊಂದು ಗೌರವ ಆಗಲಿ ಎಂದು. ಬರುತ್ತೀಯಾ ಎಂದು ಕೇಳಲಿಲ್ಲ, ಹೊರಡು ಎಂದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದ. ಮೊದಲನೆಯ ಸಾಲಿನಲ್ಲಿ ಕೂರಿಸಿದರು. ಹಾಲ್ ತುಂಬಿ, ಮೆಟ್ಟಿಲಲ್ಲೂ ಜನ. ಒದ್ದೆ ಛತ್ರಿಗಳ ನೀರು ಸೀಟಿನಡಿಯಲ್ಲಿ ಹರಿಯುತ್ತಿತ್ತು.

ಆ ಹಾಡು ಕೊನೆಗೆ ಬಂತು. ಸಂಜೀವನ ಕೂಗು ದೊಡ್ಡ ದೊಡ್ಡ ಸ್ಪೀಕರುಗಳಿಂದ ಏರುತ್ತ ಬಂದು "ದೇಜೂ" ಎಂದಾಗ, ಇಡೀ ಹಾಲ್ ತಿರುಗಿ ಕೂಗಿತು. ಮೈತ್ರಿ ವೇದಿಕೆಯ ಮೇಲಿಂದ, "ಈ ಸ್ವರದ ಮಾಲಕರು ಇಲ್ಲೇ ಇದ್ದಾರೆ!" ಎಂದು ಹಿಂದಿಯಲ್ಲಿ ಹೇಳಿ ಕೈ ತೋರಿಸಿದಳು. ದೀಪ ಅವನ ಮೇಲೆ ಬಿತ್ತು. ಸಂಜೀವ ಎದ್ದು ನಿಂತು ಕೈ ಮುಗಿದ. ಅವನ ಹಿಂದೆ ನೂರಾರು ಮಂದಿ ಆ ಹೆಸರನ್ನು ಕೂಗುತ್ತಿದ್ದರು, ಮತ್ತೆ ಮತ್ತೆ. ನಾನು ಪಕ್ಕದಲ್ಲಿ ಕುಳಿತಿದ್ದೆ. ಅವನ ಮುಗಿದ ಕೈಗಳು ನನ್ನ ಕಣ್ಣಿನ ಮಟ್ಟಕ್ಕಿದ್ದವು. ಒಂದೊಂದು ಕೂಗಿಗೂ ಅವನು ಅವನ್ನು ಇಳಿಸದೆ, ಯಾರೋ ಬಂದರೋ ಎಂಬಂತೆ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಅದು ನಾಚಿಕೆಯಲ್ಲ ಎಂದು ಆಗ ನನಗೆ ಗೊತ್ತಾಯಿತು. ಗೊತ್ತಾಗಲು ಅಷ್ಟು ಹೊತ್ತು ಬೇಕಾಯಿತು.

ವಾಪಸು ಬರುವಾಗ ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲ. ಥಾಣೆಯಿಂದ ಡೊಂಬಿವಲಿಯವರೆಗೆ ನಾವಿಬ್ಬರೂ ಎದುರುಬದುರು ನಿಂತು ಬಂದೆವು.

ಮರುದಿನ ಬೆಳಿಗ್ಗೆ ಸಂಜೀವ ಎಂದಿನಂತೆ ನಿಂತ. "ಎರಡು ಸಾದಾ, ಒಂದು ಮಸಾಲೆ ಕಡಕ್, ವಡೆ ಎರಡು..." ಎಂದು ನಿಲ್ಲಿಸಿದ. ಹೆಸರು ಬರಲಿಲ್ಲ. ಒಳಗೆ ರಮೇಶ ಸೌಟು ಎತ್ತಿ ಹಿಡಿದು ಕಾಯುತ್ತ ನಿಂತ. ಇನ್ನೂ ಇದೆ ಎಂದು ಅವನ ಲೆಕ್ಕ. ಕಾವಲಿ ಹೊಗೆಯಾಡಿತು. ಅಷ್ಟರಲ್ಲಿ ಎರಡನೆಯ ಆರ್ಡರು ಬಂತು, ಎರಡೂ ಕೂಡಿಹೋದವು. ಮಸಾಲೆ ಕೇಳಿದವರಿಗೆ ಸಾದಾ ಹೋಯಿತು, ಇಡ್ಲಿಯವರಿಗೆ ಏನೂ ಹೋಗಲಿಲ್ಲ. "ಎಂಥ ಸಂಜೀವಣ್ಣ, ಮುಗಿಯಿತಾ ಇಲ್ವಾ? ಹೇಳಿ ಸಾಯಿರಿ ಮಾರಾಯ್ರೆ!" ಎಂದು ರಮೇಶ ಒಳಗಿನಿಂದ ಬೈದ. ಮೇಜುಗಳಲ್ಲಿ ಫೋನು ಹಿಡಿದು ಕಾಯುತ್ತಿದ್ದವರು ತಾವೇ "ದೇಜೂ" ಎಂದು ಕೂಗಿ ಆರ್ಡರು ಮುಗಿಸಿಕೊಟ್ಟರು. ಸಂಜೀವ ಅವರ ಕಡೆ ತಿರುಗಲೇ ಇಲ್ಲ. ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ಮಧ್ಯಾಹ್ನ ಗಲ್ಲಾದ ಹತ್ತಿರ ಬಂದು ನಿಂತ.

"ಧಣಿ, ನಾನೊಮ್ಮೆ ಊರಿಗೆ ಹೋಗುತ್ತೇನೆ."

"ಎಷ್ಟು ದಿನಕ್ಕೆ?"

ಅವನು ಲೆಕ್ಕ ಹಾಕುವವನಂತೆ ಬಾಗಿಲಿನ ಆಚೆ ಮಳೆಯನ್ನು ನೋಡಿದ. "ನೋಡುವಾ," ಎಂದ.

ಮೂವತ್ತೈದು ವರ್ಷದಲ್ಲಿ ಅವನು ಮರಳುವ ದಿನ ಹೇಳದೆ ರಜೆ ಕೇಳಿದ್ದು ಅದೇ ಮೊದಲು.

ಅದು ಶನಿವಾರ. ಅಂದು ಅಭ್ಯಾಸವಿಲ್ಲದೆ ಮೈತ್ರಿ ಮನೆಯಲ್ಲಿದ್ದಳು. ನಾನು ಮನೆಗೆ ಹೋಗಿ ಅವಳನ್ನು ಎದುರು ಕೂರಿಸಿ ಹೇಳಿದೆ. ದೇಜು ಒಬ್ಬ ಮನುಷ್ಯ ಎಂದು. ಅವನು ಹೇಗೆ ಹೋದ, ನಾನು ಏನು ಮಾಡಲಿಲ್ಲ ಎಂದು. ಅವಳು ಕೊನೆಗೆ ಒಂದೇ ಕೇಳಿದಳು.

"ಓಂಕಾರ್ ಕೇಳಿದ ದಿನ ನೀವು ಅಲ್ಲೇ ಇದ್ದಿರಲ್ಲ ಪಪ್ಪಾ?"

"ಇದ್ದೆ."

"ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

ಅವಳು ಫೋನು ಕೈಗೆತ್ತಿಕೊಂಡಳು. ವಾಶಿಯಲ್ಲಿ ದೊಡ್ಡದೊಂದು ವೇದಿಕೆಗೆ ಅವರನ್ನು ಕರೆದು ನಾಲ್ಕು ದಿನವಾಗಿತ್ತು, ಆ ಹಾಡಿನಿಂದಾಗಿಯೇ. ಅವಳು ಕೆಲಸಕ್ಕೆ ಸೇರಿದ ಮೇಲೆ ಅಷ್ಟು ಖುಷಿಯಲ್ಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. "ಈಗಲೇ ಹಾಡು ತೆಗೆಯುತ್ತೇನೆ," ಎಂದಳು. ಬೆರಳು ಅಲ್ಲಿಯೇ ನಿಂತಿತು. "ಬೇಡ. ತೆಗೆಯಬೇಕೋ ಬೇಡವೋ ಅಂತ ಅವರನ್ನೇ ಕೇಳಬೇಕು. ಈ ಸಲ ನಾವು ನಿಶ್ಚಯ ಮಾಡುವುದಲ್ಲ. ಏಳಿ."

ಸಂಜೀವ ಅಟ್ಟದಲ್ಲಿ ಬ್ಯಾಗು ತುಂಬುತ್ತಿದ್ದ. ಊರಿನ ಸಂಜೆಯ ರೈಲು ಹಿಡಿಯಲು ಪನ್ವೇಲಿಗೆ ಹೋಗುವವನು. ಮೈತ್ರಿ ನೇರವಾಗಿ ಅವನ ಎದುರು ನೆಲದ ಮೇಲೆ ಕುಳಿತಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಂಜೀವ ಮಾಮ, ನಾನು ನಿಮ್ಮನ್ನು ಕೇಳದೆ ನಿಮ್ಮ ಸ್ವರ ತೆಗೆದುಕೊಂಡೆ. ದೇಜು ಮಾಮನ ಹೆಸರು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೂ ತಪ್ಪೇ. ಹಾಡು ತೆಗೆದುಬಿಡಲಾ? ನೀವು ಹೇಳಿದ ಹಾಗೆ."

"ಅಯ್ಯೋ ಮಗಾ, ನನ್ನದೆಂಥದು. ಧಣಿ ಹೇಳಿದ ಹಾಗೆ."

"ನಾನು ಹೇಳುವುದಿಲ್ಲ ಸಂಜೀವ," ಎಂದೆ. "ನೀನೇ ಹೇಳಬೇಕು."

ಅವನು ಒಂದು ಲುಂಗಿಯನ್ನು ಮಡಚಿದ. ಬಿಚ್ಚಿ, ಮತ್ತೆ ಮಡಚಿದ. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವನ ಮಾತು ಕೇಳಲು ನಾನು ಬಗ್ಗಬೇಕಾಯಿತು.

"ಕೋಪ ಇಲ್ಲ ಮಗಾ. ಹಾಡು ಚಂದ ಉಂಟು. ಅಂದು ಆ ಹಾಲಿನಲ್ಲಿ ನನಗೆ ಹೆದರಿಕೆಯಾಯಿತು, ಅಷ್ಟೇ. ಇಷ್ಟು ವರ್ಷ ನಾನು ಕರೆಯುತ್ತಿದ್ದೆ, ಯಾರೂ ಓ ಅನ್ನುತ್ತಿರಲಿಲ್ಲ. ಅದು ಸರಿ ಇತ್ತು. ಓ ಅನ್ನಬೇಕಾದವನು ಇಲ್ಲ, ಅದಕ್ಕೆ ಯಾರೂ ಅನ್ನುವುದಿಲ್ಲ. ಕರೆದ ಮೇಲೆ ಒಂದು ಗಳಿಗೆ ನನಗೆ ಅವನು ಒಳಗೆ ಇದ್ದ ಹಾಗೆ. ಈಗ ಕರೆದರೆ ಊರಿಡೀ ಓ ಅನ್ನುತ್ತದೆ. ಅವನಿಗೆ ಜಾಗವೇ ಇಲ್ಲ."

ಮೈತ್ರಿ ಮುಖ ಮುಚ್ಚಿಕೊಂಡಳು. ಅವನು ಗಾಬರಿಯಾಗಿ, "ಅಳಬೇಡ, ಎಂಥ ಅಳುವುದು, ಇಷ್ಟು ದೊಡ್ಡ ಸಿಂಗರು," ಎಂದು ಅವಳ ತಲೆ ಮುಟ್ಟಿದ. ಮತ್ತೆ ಹೇಳಿದ, "ತೆಗಿ ಅಂತಲೂ ನಾನು ಹೇಳಲಿಕ್ಕಾಗುವುದಿಲ್ಲ. ಇಡು ಅಂತಲೂ ಆಗುವುದಿಲ್ಲ. ಹೆಸರು ನನ್ನದಾ? ಅವನಿಗೆ ಅಕ್ಕ ಇದ್ದಾರಲ್ಲ. ಗಿರಿಜಕ್ಕ. ಅವರನ್ನು ಕೇಳು."

ಹಾಡಿಗೆ ಮುಂದೆ ಏನಾಯಿತು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಎರಡು ವಾರ ಹಾಡು ಎಲ್ಲಿಯೂ ಸಿಗಲಿಲ್ಲ. ಮತ್ತೆ ಬಂದಾಗ, ಸಂಜೀವನ ಕೂಗಿನ ನಂತರ ಯಾರೂ ತಿರುಗಿ ಕೂಗುತ್ತಿರಲಿಲ್ಲ, ಡ್ರಮ್ಮೂ ಬೀಳುತ್ತಿರಲಿಲ್ಲ. ನಾಲ್ಕು ಪೆಟ್ಟಿನಷ್ಟು ಹೊತ್ತು ಖಾಲಿ. ಆಮೇಲೆ ಬೇಸ್ ಒಂದೇ ನಿಧಾನಕ್ಕೆ ಶುರುವಾಗುತ್ತಿತ್ತು. ಹಾಡಿನ ಕೆಳಗೆ ದೇಜಪ್ಪ ಯಾರೆಂದು ಎರಡು ಸಾಲು ಬರೆದಿದ್ದರು. ಮಜಾ ಹೋಯಿತು ಎಂದು ಅನೇಕರು ಬರೆದರು. ರೀಲ್ ಮಾಡುವವರು ಹಳೆಯದನ್ನೇ ಎಲ್ಲಿಂದಲೋ ಹುಡುಕಿ ಹಾಕಿಕೊಂಡರು. ವಾಶಿಯಲ್ಲಿ ಇದನ್ನೇ ನುಡಿಸಿದರು. ಜನ ಮೊದಲು ಕೂಗಿದರು, ಮೈತ್ರಿ ಸುಮ್ಮನೆ ನಿಂತಳು, ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬ್ಯಾಂಡು ಇನ್ನೊಂದು ವರ್ಷ ನಡೆದು ತಾನಾಗಿ ಚದುರಿತು. ಓಂಕಾರ್‌ಗೆ ಪುಣೆಯಲ್ಲಿ ಕೆಲಸ. ಮೈತ್ರಿ ಈಗ ಸೀವುಡ್ಸ್‌ನಲ್ಲಿದ್ದಾಳೆ, ಶಾಲೆಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಸಂಜೀವ ಆ ಸಂಜೆ ಊರಿಗೆ ಹೋದ, ಗಣಪತಿ ಹಬ್ಬ ಕಳೆದ ಮೇಲೆ ಬಂದ, ಈಗಲೂ ಕಿಂಡಿಯ ಪಕ್ಕ ನಿಲ್ಲುತ್ತಾನೆ.

ನಾನು ಹೇಳಬೇಕಾದದ್ದು ಆ ಮಧ್ಯಾಹ್ನದ್ದು.

ಗಿರಿಜಕ್ಕನ ನಂಬರು ಸಂಜೀವನಿಗೆ ಬಾಯಿಪಾಠ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅವರ ಮನೆಗೆ ಹೋಗದೆ ಅವನು ಬರುವುದಿಲ್ಲ. ಮೈತ್ರಿಯ ಫೋನಿನಿಂದ ಮಾಡಿ ಸ್ಪೀಕರಿಗೆ ಹಾಕಿದರು. ಸಂಜೀವ ಕುಶಲ ವಿಚಾರಿಸಿದ. ಮೊಣಗಂಟು ನೋವು, ಹಟ್ಟಿಯ ಮಾಡು ಸೋರುವುದು, ಮೊಮ್ಮಗಳ ಪರೀಕ್ಷೆ ಎಲ್ಲ ಆಯಿತು. ಮತ್ತೆ ಮೈತ್ರಿ ಮಾತಾಡಿದಳು. ತನ್ನ ಹರುಕು ತುಳುವಿನಲ್ಲಿ, ಬಿಟ್ಟು ಬಿಟ್ಟು, ಆದದ್ದನ್ನೆಲ್ಲ ಹೇಳಿದಳು.

"ಹಾಡಾ? ಅವನ ಹೆಸರಲ್ಲಾ?" ಎಂದರು ಗಿರಿಜಕ್ಕ. "ಕೇಳಿಸು ನೋಡುವಾ."

ಮೈತ್ರಿ ಹಾಡು ಹಾಕಲಿಲ್ಲ. ಬಿಲ್ಲಿನ ಪುಸ್ತಕದ ಹಿಂದೆ ಇಟ್ಟು ತೆಗೆದುಕೊಂಡ ಮೊದಲಿನ ರೆಕಾರ್ಡು ಅವಳು ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಇತ್ತು. ಅದನ್ನು ಹಾಕಿದಳು. ಲೋಟಗಳ ಸದ್ದು, ಯಾರದೋ ಕೆಮ್ಮು, ನನ್ನ ಚಿಲ್ಲರೆಯ ಸದ್ದು, ಅದರ ಮೇಲೆ ಸಂಜೀವನ ಸ್ವರ ಏರುತ್ತ ಬಂತು. ದೇಜೂ.

ಫೋನಿನಿಂದ, ಹಿತ್ತಲಿನಿಂದ ಉತ್ತರ ಕೊಡುವವರ ಹಾಗೆ, ಗಿರಿಜಕ್ಕ "ಓ" ಎಂದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರೇ ನಕ್ಕು ಹೇಳಿದರು, "ಅವನನ್ನು ಎಷ್ಟು ಕರೆದರೂ ಓಗೊಡುವವನಲ್ಲ ಸಂಜೀವ. ಎಲ್ಲಿಯಾದರೂ ಮರದ ಮೇಲೆ ಇರುತ್ತಿದ್ದ. ಅಪ್ಪನಿಂದ ಪೆಟ್ಟು ತಪ್ಪಿಸಲು ನಾನೇ ಓ ಅನ್ನುತ್ತಿದ್ದೆ. ಅದೇ ಬಾಯಿಗೆ ಬಂತು ನೋಡು." ಮತ್ತೆ ಸ್ವಲ್ಪ ಹೊತ್ತು ಮೂಗು ಸೀಟುವ ಸದ್ದು. "ಇರಲಿ ಮಗಾ, ಹಾಡಿ. ಅವನ ಹೆಸರು ಹೇಳುವವರು ಬೇರೆ ಯಾರಿದ್ದಾರೆ. ಆದರೆ ಅದೊಂದು ಮನುಷ್ಯನ ಹೆಸರು ಅಂತ ಹೇಳಿ ಹಾಡಿ. ಕುಣಿಯುವವರಿಗೆ ಗೊತ್ತಿರಲಿ."

"ಹೇಳುತ್ತೇನೆ ಅಜ್ಜಿ," ಎಂದಳು ಮೈತ್ರಿ.

"ಧಣಿ ಇದ್ದಾರಾ ಅಲ್ಲಿ?"

"ಇದ್ದೇನೆ ಅಕ್ಕ," ಎಂದೆ. ಅವರ ಸ್ವರವನ್ನು ನಾನು ಕೇಳುತ್ತಿದ್ದುದು ಅದೇ ಮೊದಲು. ದೇಜುವಿನ ಪೆಟ್ಟಿಗೆ, ಬಟ್ಟೆ, ಅವನ ಬಾಕಿ, ಎಲ್ಲವನ್ನೂ ಬೇರೆಯವರ ಕೈಯಲ್ಲಿ ಕಳುಹಿಸಿದ್ದೆ.

"ನಿಮ್ಮ ಫೋನು ಬರುತ್ತದೋ ಅಂತ ಬಹಳ ದಿನ ನೋಡಿದೆ. ಬರಲಿಲ್ಲ. ನೀವು ಆ ದಿನ ಹತ್ತಿರ ಇದ್ದದ್ದಂತೆ. ಅವನು ಎಂಥ ಹೇಳಿದ? ಯಾರನ್ನು ಕೇಳಿದ?"

ಇಷ್ಟು ವರ್ಷ ಹೆಂಡತಿಗೂ ಹೇಳದ ಮಾತು ಅದು. ಸಂಜೀವ ಅಲ್ಲಿಯೇ ಕುಳಿತಿದ್ದ. ಅವನ ಬ್ಯಾಗು ಅರ್ಧ ತುಂಬಿತ್ತು. ಅವನಿಗೆ ಕೇಳಿಸದ ಹಾಗೆ ಹೇಳಲು ದಾರಿಯಿರಲಿಲ್ಲ. ನಾನು ಆ ದಿನ ಬೆಳಗಿನಿಂದ ಹೇಳುತ್ತ ಬಂದೆ. ನರ್ಸ್ ಕಿಟಕಿ ಮುಚ್ಚಿದ್ದು, ಅವನು ತೆಗೆಯಿರಿ ಎಂದದ್ದು. ಗಂಜಿ ತಂದರೆ ಎರಡು ಚಮಚ ಕುಡಿದದ್ದು. ನಿಮ್ಮನ್ನು ಒಮ್ಮೆ ಕೇಳಿದ ಅಕ್ಕ, ಎಂದೆ. ಮತ್ತೆ ಸಂಜೀವ ಬಂದನಾ ಎಂದು ಕೇಳಿದ. ಮೂರು ಸಲ ಕೇಳಿದ. ಮೂರನೆಯ ಸಲ ನಾನು, ಹೊರಟಿದ್ದಾನೆ, ಬಸ್ಸಿನಲ್ಲಿದ್ದಾನೆ, ಬೆಳಿಗ್ಗೆಗೆ ಬರುತ್ತಾನೆ ಎಂದು ಹೇಳಿದೆ. ಸಂಜೀವನಿಗೆ ಏನೂ ಗೊತ್ತಿರಲಿಲ್ಲ. ನಾನು ಸುಳ್ಳು ಹೇಳಿದೆ.

ಸಂಜೀವ ಮಡಚಿದ ಲುಂಗಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಅವನು ಎದ್ದು ಹೋಗುತ್ತಾನೆ ಎಂದು ನಾನು ಕಾದೆ. ಅವನು ಹೋಗಲಿಲ್ಲ.

"ಹಾಗೆ ಹೇಳಿದ್ದಕ್ಕೆ ಅವನು ಎಂಥ ಅಂದ?" ಎಂದು ಕೇಳಿದ.

"ಹಾಗಾದರೆ ಅವನಿಗೆ ಊಟ ತೆಗೆದಿಡಿ, ಬಸ್ಸಿನಲ್ಲಿ ಏನೂ ತಿನ್ನುವುದಿಲ್ಲ ಅವನು, ಅಂದ."

ಸಂಜೀವ ಮಡಚಿದ ಲುಂಗಿಯನ್ನು ಬ್ಯಾಗಿನ ಪಕ್ಕಕ್ಕೆ ಇಟ್ಟ. ಮತ್ತೆ ನನ್ನ ಮುಖವನ್ನೇ ನೋಡಿ, ಹೋಟೆಲಿನ ಯಾವುದೋ ಸಣ್ಣ ಕೆಲಸದ ಬಗ್ಗೆ ಕೇಳುವ ಹಾಗೆ ಕೇಳಿದ.

"ತೆಗೆದಿಟ್ಟಿದ್ದಿರಾ?"

"ಇಟ್ಟಿದ್ದೆ," ಎಂದೆ. ಅದು ನಿಜ. ಬರುವುದಿಲ್ಲ ಎಂದು ಗೊತ್ತಿದ್ದೂ ಒಂದು ತಟ್ಟೆ ಬಡಿಸಿ, ಮುಚ್ಚಿ, ಕಪಾಟಿನ ಮೇಲೆ ಇಟ್ಟಿದ್ದೆ.